ತಾವರೆ ಗಾಡಿಯ ಶಿಲ್ಪಿ ಕಾಲಿನ್ ಚಾಪ್‌ಮನ್

ಯಂತ್ರಗಳನ್ನು ಕಟ್ಟಿ ಹೆಸರಾದವರ ಚರಿತ್ರೆಗಳಲ್ಲಿ ಎಡಿಸನ್ನನದೂ ಫೋರ್ಡನದೂ ನಮ್ಮವರಿಗೆ ಚಿರಪರಿಚಿತವಾದುವು. ನಮ್ಮವರೇ ಆದ ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯೊಂದು ಈ ದೇಶದಲ್ಲಿ ಆಗಲೇಬೇಕೆಂದು 1930ರ ದಶಕದಲ್ಲಿಯೇ ಯೋಜನೆ ಹಾಕಿ ಶ್ರಮಿಸಿದುದನ್ನು ಕನ್ನಡಿಗರು ಮರೆತಿಲ್ಲ. ಇವರೆಲ್ಲರೂ ದೊಡ್ಡ ಕಾರ್ಖಾನೆಯ ಕನಸು ಕಂಡವರು. ನಾವೀಗ ಹೇಳಹೊರಟಿರುವುದು ಕುದುರೆಯ ಲಾಯದಲ್ಲಿ ಕಾರ್ಖಾನೆ ಹೂಡಿ, ಸಾಮಾನ್ಯ ಸಂಬಳಗಾರನು ಮನೆಯ ಹಿತ್ತಲಿನಲ್ಲಿ ತಾನೇ ಜೋಡಿಸಿಕೊಳ್ಳಬಹುದಾದಂಥ ಓಟದ ಗಾಡಿಯನ್ನು ಲೋಕಕ್ಕೆ ಕೊಟ್ಟ ಇಂಗ್ಲಿಷಿನವನೊಬ್ಬನ ಕಥೆ. ರಾಜ್ಯೋತ್ಸವದ ಸಂಚಿಕೆಯಲ್ಲಿ ಇವನಿಗೇನು ಕೆಲಸವೆಂದು ಹಿರಿಯರು ಕೇಳಿಯಾರು. ಆದರೆ ಆಲುವ, ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿದ ನಮ್ಮ ಮನೆಗಳ ಮಕ್ಕಳು ಇಂಜಿನಿಯರಿಂಗ್ ಕಾಲೇಜು ಸೇರಿ, ಸ್ಪ್ಯಾನರು ಹಿಡಿದು, ತಾವೇ ಗಾಡಿ ಕಟ್ಟಲು ಹೊರಡುವ ಕಾಲವಿದು. ಅವರು ಕಟ್ಟುವ ಬಗೆಯ ಗಾಡಿಗೆ ಮೂಲಪುರುಷನು ಯಾರೆಂಬುದು ತಾಯಿತಂದೆಯರಿಗೂ ತಿಳಿದಿರಲೆಂದು ಈ ಬರಹ.

ಆಂಥೊನಿ ಕಾಲಿನ್ ಬ್ರೂಸ್ ಚಾಪ್‌ಮನ್ ಹುಟ್ಟಿದುದು 1928ನೆಯ ಇಸವಿ ಮೇ ತಿಂಗಳು 19ರಂದು, ಲಂಡನ್ನಿನ ಪಕ್ಕದ ರಿಚ್ಮಂಡಿನಲ್ಲಿ. ತಂದೆ ಸ್ಟ್ಯಾನ್ಲಿ ಉತ್ತರ ಲಂಡನ್ನಿನ ಹಾರ್ನ್‌ಸಿ ಎಂಬಲ್ಲಿ ರೈಲ್ವೆ ಹೋಟೆಲನ್ನು ನಡೆಸುತ್ತಿದ್ದನು. ಸಿರಿವಂತರಲ್ಲ, ಬಡವರೂ ಅಲ್ಲ. ಹುಡುಗನು ಹರೆಯಕ್ಕೆ ಬರುವ ಹೊತ್ತಿಗೆ ಎರಡನೆಯ ಮಹಾಯುದ್ಧ ನಡೆದಿತ್ತು. ಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಹೇಜಲ್ ವಿಲಿಯಮ್ಸ್ ಎಂಬ ಹುಡುಗಿಯ ಪರಿಚಯವಾಯಿತು. ಈಕೆಯ ಹೆಸರನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಏಕೆಂದರೆ ಈ ಕಥೆಯಲ್ಲಿ ಬಂಡವಾಳ ಹಾಕಿದವಳು ಈಕೆಯೇ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಚಾಪ್‌ಮನ್ ಓದಿದುದು ಮೋಟಾರು ಶಾಸ್ತ್ರವನ್ನಲ್ಲ, ಕಟ್ಟಡ ಸೇತುವೆಗಳ ರಚನಾಶಾಸ್ತ್ರವನ್ನು. ಓದುತ್ತಲೇ ಗೆಳೆಯನೊಬ್ಬನೊಡನೆ ಕೂಡಿ ಹಳೆಯ ಕಾರುಗಳನ್ನು ಕೊಂಡು ಮಾರುವ ವ್ಯಾಪಾರಕ್ಕೂ ಇಳಿದನು. ಯುದ್ಧಾನಂತರ ಹೊಸ ಕಾರು ಸಿಗುವಂತಿರಲಿಲ್ಲವಾಗಿ ಹಳೆಯದಕ್ಕೆ ಒಳ್ಳೆಯ ಬೆಲೆಯಿತ್ತು. ಅಷ್ಟರಲ್ಲಿ 1947ರ ಕೊನೆಗೆ ಸರ್ಕಾರವು ಖಾಸಗಿ ಗಾಡಿಗಳಿಗೆ ಕೊಡುತ್ತಿದ್ದ ಪೆಟ್ರೋಲಿನ ಪಡಿಯನ್ನು ನಿಲ್ಲಿಸಿಬಿಟ್ಟಿತು. ಕಾರು ಕೊಳ್ಳುವವರು ಮಾಯವಾದರು. ಕೈಯಲ್ಲಿದ್ದುದನ್ನೆಲ್ಲ ನಷ್ಟಕ್ಕೆ ಮಾರಿದ ಮೇಲೆ ಉಳಿದುದು ಯಾರಿಗೂ ಬೇಡವಾದ ಒಂದು ಹಳೆಯ ಆಸ್ಟಿನ್ ಸೆವೆನ್. ಅದನ್ನು ಹೇಜಲಳ ಮನೆಯ ಹಿಂದಿನ ಗ್ಯಾರೇಜಿಗೆ ತಳ್ಳಿಕೊಂಡು ಹೋಗಿ, ಮೇಲಿನ ಒಡಲನ್ನು ಕಿತ್ತೆಸೆದು, ಪ್ಲೈವುಡ್ಡಿಗೆ ಅಲ್ಯುಮಿನಿಯಮ್ ತಗಡನ್ನು ಅಂಟಿಸಿದ ಹೊಸ ಒಡಲನ್ನು ಕೂರಿಸಿದರು. ಹುಡುಗನಿಗೆ ಸಮನಾಗಿ ಹುಡುಗಿಯೂ ಕೈ ಹಚ್ಚಿದಳು. ಇದು 1948ರ ಮಾತು. ಆ ಗಾಡಿಗೆ ಲೋಟಸ್, ಅಂದರೆ ತಾವರೆ, ಎಂದು ಹೆಸರಿಟ್ಟನು. ಹಾಗೇಕೆ ಇಟ್ಟನೆಂಬುದನ್ನು ಸಾಯುವವರೆಗೂ ಅವನು ಬಹಿರಂಗವಾಗಿ ಹೇಳಲಿಲ್ಲ. ಕೆಸರಿನಿಂದ ಕಮಲ ಹುಟ್ಟುವುದನ್ನು ಬಲ್ಲ ನಮಗೆ, ಗುಜರಿಯಿಂದ ಎದ್ದ ಗಾಡಿಗೆ ಆ ಹೆಸರು ಒಪ್ಪುತ್ತದೆಂದೇ ತೋರುತ್ತದೆ.

ಕೆಲಕಾಲ ವಿಮಾನದಳದಲ್ಲಿದ್ದು, ಬಳಿಕ ಬ್ರಿಟಿಷ್ ಅಲ್ಯುಮಿನಿಯಮ್ ಕಂಪೆನಿಯಲ್ಲಿ ನೌಕರಿ ಹಿಡಿದನು. ಹಗಲು ಕಂಪೆನಿಯ ಕೆಲಸ, ರಾತ್ರಿ ಗಾಡಿಯ ಕೆಲಸ. ಯುದ್ಧ ಮುಗಿದು ಬರಿದಾಗಿ ಬಿದ್ದಿದ್ದ ವಿಮಾನ ನಿಲ್ದಾಣಗಳು ಇಂಗ್ಲೆಂಡಿನಲ್ಲಿ ಆಗ ಮೋಟಾರು ಪಂದ್ಯಗಳ ಬಯಲುಗಳಾಗಿದ್ದುವು. ಹೆಸರಾಂತ ಸಿಲ್ವರ್‌ಸ್ಟೋನ್ ಕೂಡ ಅಂಥದೇ. ನಮ್ಮ ಮದರಾಸಿನ ಬಳಿಯ ಶೋಳವರದಲ್ಲಿಯೂ ಯುದ್ಧಕಾಲದ ವಿಮಾನದ ಪಟ್ಟಿಯ ಮೇಲೆಯೇ ದಶಕಗಳ ಕಾಲ ಕಾರುಗಳು ಓಡಿದುವೆಂಬುದನ್ನು ಹಿರಿಯ ವಾಚಕರು ಬಲ್ಲರು.

ಬಡ ಉತ್ಸಾಹಿಗಳಿಗೆಂದೇ ಇದ್ದ 750 ಮೋಟಾರ್ ಕ್ಲಬ್ಬಿನ ಪಂದ್ಯಗಳಿಗೆ ಆಸ್ಟಿನ್ ಸೆವೆನ್ನಿನ ಪುಟ್ಟ ಎಂಜಿನ್ನೇ ಆಗಬೇಕೆಂಬ ನಿಯಮವಿತ್ತು. ಆ ಎಂಜಿನ್ನಿಗೆ ಸಿಲಿಂಡರುಗಳು ನಾಲ್ಕು. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಹೋಗುವ ಬಾಯಿಗಳು ಮಾತ್ರ ಎರಡೇ. ಎರಡು ಮನೆಗಳಿಗೆ ಒಂದೇ ನಲ್ಲಿಯಿದ್ದರೆ ಒಬ್ಬರು ತಿರುಗಿಸಿದಾಗ ಇನ್ನೊಬ್ಬರಿಗೆ ನೀರು ಸಣ್ಣಗಾಗುವುದಷ್ಟೆ. ಇಲ್ಲಿಯೂ ಹಾಗೆಯೇ ಒಂದು ಸಿಲಿಂಡರು ನೆರೆಯದರ ಪಾಲನ್ನು ಕಸಿಯುತ್ತಿತ್ತು. 1951ರ ತನ್ನ ಮೂರನೆಯ ಗಾಡಿಯಲ್ಲಿ ಚಾಪ್‌ಮನ್ ಆ ಬಾಯಿಗಳ ನಡುವೆ ತೆಳುವಾದ ಗೋಡೆಯನ್ನು ಇಳಿಸಿ ನಾಲ್ಕಕ್ಕೂ ಬೇರೆ ಬೇರೆ ದಾರಿ ಮಾಡಿಕೊಟ್ಟನು. ಎಂಜಿನ್ ಅದೇ, ಬಲ ಮಾತ್ರ ಬೇರೆಯಾಯಿತು. ಉಳಿದವರು ಅವನ ಧೂಳನ್ನು ಕುಡಿದರು. ಕ್ಲಬ್ಬಿನವರು ನಿಯಮ ಬದಲಿಸಿ ಆ ಉಪಾಯವನ್ನು ನಿಷೇಧಿಸಿದರು. ನಿಯಮದ ಅಕ್ಷರವನ್ನು ಮೀರದೆ ಅದರ ಸಂದಿಯಲ್ಲಿ ನುಸುಳುವ ಈ ಚಾತುರ್ಯವು ಅವನ ಬಾಳಿನುದ್ದಕ್ಕೂ ಬಂದಿತು. ಅದರಿಂದ ಅವನಿಗೆ ಕೀರ್ತಿಯೂ ಬಂದಿತು. ಕೊನೆಗೆ ಬಂದುದೇನೆಂಬುದನ್ನು ಮುಂದೆ ಹೇಳುತ್ತೇವೆ.

1952ರ ಜನವರಿ 1ರಂದು ಲೋಟಸ್ ಇಂಜಿನಿಯರಿಂಗ್ ಕಂಪೆನಿ ಆರಂಭವಾಯಿತು. ಮೂಲಧನ ಹೇಜಲಳಿಂದ ಸಾಲ ಪಡೆದ 25 ಪೌಂಡುಗಳು. ಕಾರ್ಖಾನೆ, ತಂದೆಯ ಹೋಟೆಲಿನ ಹಿಂದಿದ್ದ ಹಳೆಯ ಲಾಯ. ಅಲ್ಲಿ ಹುಟ್ಟಿದ ಆರನೆಯ ಗಾಡಿಯು ಅವನ ಓದಿನ ಫಲವೆನ್ನಬಹುದು. ಅಂದಿನ ಕಾರುಗಳಿಗೆ ಅಡಿಯಲ್ಲಿ ಏಣಿಯಂತೆ ಎರಡು ದಪ್ಪ ಉಕ್ಕಿನ ತೊಲೆಗಳಿರುತ್ತಿದ್ದುವು. ಚಾಪ್‌ಮನ್ ತೊಲೆಯನ್ನು ಬಿಟ್ಟು ಸಣ್ಣ ಸಣ್ಣ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದು ಪಂಜರವನ್ನು ಕಟ್ಟಿದನು. ಹೆಂಚಿನ ಮನೆಯ ಮಾಡನ್ನು ತಲೆಯೆತ್ತಿ ನೋಡಿದರೆ ಇದರ ಮರ್ಮ ತಿಳಿದೀತು. ಚೌಕವನ್ನು ಮೂಲೆಯಲ್ಲಿ ಒತ್ತಿದರೆ ವಾಲುತ್ತದೆ. ತ್ರಿಕೋನವು ಮುರಿಯಬೇಕೇ ಹೊರತು ವಾಲದು. ಆಲುವದಲ್ಲಿ 1940ರಲ್ಲಿ ಪೆರಿಯಾರಿನ ಮೇಲೆ ಎದ್ದ ಮಾರ್ತಾಂಡವರ್ಮ ಸೇತುವೆಯನ್ನು ದಾಟುವಾಗ ಅದರ ಉಕ್ಕಿನ ಕಮಾನುಗಳನ್ನು ನಾವು ನೋಡುತ್ತೇವೆ. ಯಾವ ಅಂಗ ಎಳೆತವನ್ನು ತಾಳಬೇಕು, ಯಾವುದು ಒತ್ತಡವನ್ನು ತಾಳಬೇಕೆಂದು ಲೆಕ್ಕ ಹಾಕಿ ಅಷ್ಟಕ್ಕಷ್ಟೇ ಲೋಹವನ್ನು ಇಡುವುದು ಸೇತುವೆ ಕಟ್ಟುವವರ ವಿದ್ಯೆ. ಅದನ್ನೇ ಇವನು ಗಾಡಿಗೆ ತಂದನು. ಬರಿಯ ಪಂಜರದ ತೂಕ ಸುಮಾರು 25 ಕಿಲೋ, ಅಕ್ಕಿಯ ಮೂಟೆಯಷ್ಟು. ಇಬ್ಬರು ಹುಡುಗರು ಹೊತ್ತೊಯ್ಯಬಹುದು.

ಭಾರವೇ ಓಟದ ಶತ್ರುವೆಂಬುದು ಅವನ ಸಿದ್ಧಾಂತ. ಎಂಜಿನ್ನಿನ ಬಲವನ್ನು ಹೆಚ್ಚಿಸಿದರೆ ನೇರ ದಾರಿಯಲ್ಲಿ ಮಾತ್ರ ಲಾಭ. ಭಾರವನ್ನು ಇಳಿಸಿದರೆ ಏರುವಾಗ, ತಿರುಗುವಾಗ, ನಿಲ್ಲುವಾಗ, ಎಲ್ಲೆಲ್ಲಿಯೂ ಲಾಭ. ಟಯರು ಕಡಿಮೆ ಸವೆಯುತ್ತದೆ, ಪೆಟ್ರೋಲು ಕಡಿಮೆ ಸಾಕು. ಓಟದ ಗಾಡಿಯ ಸ್ಪ್ರಿಂಗುಗಳು ಕಲ್ಲಿನಂತಿರಬೇಕೆಂಬ ಹಳೆಯ ನಂಬಿಕೆಯನ್ನೂ ಅವನು ತಲೆಕೆಳಗು ಮಾಡಿದನು. ಪಂಜರ ಬಿಗಿಯಾಗಿರಲಿ, ಸ್ಪ್ರಿಂಗು ಮೃದುವಾಗಿರಲಿ, ಆಗ ಚಕ್ರವು ನೆಲವನ್ನು ಬಿಡದು ಎಂದನು. ಗಾಡಿ ಕಟ್ಟಿದ ಬಳಿಕ ಅದನ್ನು ಹದಗೊಳಿಸುವುದು ವೀಣೆಗೆ ಶ್ರುತಿ ಮಾಡಿದಂತೆ: ನಾಲ್ಕು ಚಕ್ರಗಳ ಮೇಲೆ ಬೀಳುವ ತೂಕವನ್ನು ತೂಗಿ ನೋಡಬೇಕು, ಚಕ್ರದ ವಾಲನ್ನು ಕೂದಲೆಳೆಯಷ್ಟು ಸರಿಪಡಿಸಬೇಕು, ಓಡಿಸಿ ನೋಡಿ ಮತ್ತೆ ಬಿಚ್ಚಬೇಕು. ತಾಳ್ಮೆಯಿಲ್ಲದವನಿಗೆ ಇದು ಒಗ್ಗದ ಕೆಲಸ. ಚಾಪ್‌ಮನ್ನನಿಗೆ ಮನುಷ್ಯರ ವಿಷಯದಲ್ಲಿ ತಾಳ್ಮೆ ಕಡಿಮೆ, ಗಾಡಿಯ ವಿಷಯದಲ್ಲಿ ಹಾಗಲ್ಲ.

1954ರಲ್ಲಿ ಹೇಜಲಳ ಕೈ ಹಿಡಿದನು. ಮರುವರ್ಷ ನೌಕರಿ ಬಿಟ್ಟನು. ಲಾಯಕ್ಕೆ ಬಂದು ಸೇರಿದವರ ಪಟ್ಟಿಯನ್ನು ನೋಡಿದರೆ ಅಚ್ಚರಿಯಾಗುತ್ತದೆ. ವಿಮಾನ ಕಂಪೆನಿಯಲ್ಲಿದ್ದ ಕಾಸ್ಟಿನ್ ಸೋದರರು ಬಂದರು. ಮುಂದೆ ಎರಡು ಬಾರಿ ವಿಶ್ವವಿಜಯಿಯಾದ ಗ್ರಹಾಮ್ ಹಿಲ್ ಆಗ ಅಲ್ಲಿ ಮೆಕ್ಯಾನಿಕ್ ಆಗಿದ್ದನು. ಮೈಕ್ ಕಾಸ್ಟಿನ್ ಮತ್ತು ಕೀತ್ ಡಕ್‌ವರ್ತ್ 1958ರಲ್ಲಿ ತಮ್ಮ ಹೆಸರುಗಳನ್ನು ಕೂಡಿಸಿ ಕಾಸ್‌ವರ್ತ್ ಎಂಬ ಎಂಜಿನ್ ಸಂಸ್ಥೆಯನ್ನು ಕಟ್ಟಿದರು.

1957ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಲೋಟಸ್ಸಿನ ಎರಡು ಹೊಸ ಗಾಡಿಗಳು ಜನರ ಕಣ್ಣಿಗೆ ಬಿದ್ದುವು. ಒಂದು ಎಲೀಟ್. ಅದಕ್ಕೆ ಉಕ್ಕಿನ ಅಡಿಪಾಯವೇ ಇಲ್ಲ. ಇಡೀ ಗಾಡಿ ಗಾಜಿನ ನಾರಿನ ಒಂದು ಚಿಪ್ಪು. ಕೇರಳದ ಕಡಲತೀರದಲ್ಲಿ ಮೀನುಗಾರರ ದೋಣಿಗಳಿಗೆ ಹೊದಿಸುವ ಫೈಬರ್ ಗ್ಲಾಸೇ ಅದು. ಬೆಂಕಿ ಆರಿಸುವ ಪಂಪಿಗೆಂದು ಹುಟ್ಟಿದ ಎಂಜಿನ್ನಿನ ವಂಶದ ಎಂಜಿನ್ ಅದರ ಎದೆಯಲ್ಲಿತ್ತು. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು. ಅಷ್ಟು ಚೆಲುವಾದ ಗಾಡಿಯನ್ನು ಮಾರಿ ಕಂಪೆನಿಯು ನಷ್ಟವನ್ನೇ ಉಂಡಿತೆಂಬುದು ಬೇರೆ ಮಾತು.

ಇನ್ನೊಂದು ಸೆವೆನ್. ಇದಕ್ಕೆ ಬಾಗಿಲಿಲ್ಲ, ಸರಿಯಾದ ಮಾಡಿಲ್ಲ, ಸೊಗಸೂ ಇಲ್ಲ. ಕೊಳವೆಯ ಪಂಜರ, ಅಲ್ಯುಮಿನಿಯಮ್ ತಗಡು, ನಾಲ್ಕು ಚಕ್ರ, ಇಬ್ಬರಿಗೆ ಇಕ್ಕಟ್ಟಾದ ಜಾಗ. ತೂಕ ಅರ್ಧ ಟನ್ನಿಗಿಂತಲೂ ಕಡಿಮೆ. ಕಾಲಿನ್ ಚಾಪ್‌ಮನ್ನನ ಹೆಸರನ್ನು ಇಂದಿಗೂ ಹಿತ್ತಲು ಹಿತ್ತಲುಗಳಲ್ಲಿ ಉಳಿಸಿರುವುದು ವಿಶ್ವವಿಜಯದ ಗಾಡಿಗಳಲ್ಲ, ಈ ಬಡ ಗಾಡಿ. ಅಂದಿನ ಇಂಗ್ಲೆಂಡಿನಲ್ಲಿ ಹೊಸ ಕಾರಿನ ಮೇಲೆ ಭಾರಿ ಖರೀದಿ ತೆರಿಗೆಯಿತ್ತು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ತಾನೇ ಜೋಡಿಸಿಕೊಂಡರೆ ಆ ತೆರಿಗೆಯಿರಲಿಲ್ಲ. ಆದುದರಿಂದ ಸೆವೆನ್ ಪೆಟ್ಟಿಗೆಗಳಲ್ಲಿ ಬಂದಿತು. ಪಂಜರ ಲೋಟಸ್ಸಿನದು, ಎಂಜಿನ್ನು ಗೇರುಪೆಟ್ಟಿಗೆಗಳು ಸಾಮಾನ್ಯ ಫೋರ್ಡ್ ಕಾರಿನವು. ಜೋಡಿಸುವ ವಿಧಾನದ ಪುಸ್ತಕವನ್ನು ಪೆಟ್ಟಿಗೆಯೊಡನೆ ಕೊಡಕೂಡದೆಂದು ಕಾನೂನಿತ್ತಂತೆ. ಬಿಚ್ಚುವ ವಿಧಾನದ ಬಗ್ಗೆ ಕಾನೂನು ಏನನ್ನೂ ಹೇಳಿರಲಿಲ್ಲವಾಗಿ, ಬಿಚ್ಚುವ ಪುಸ್ತಕವನ್ನು ಕೊಟ್ಟು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳಲು ಬಿಟ್ಟರೆಂದು ಹೇಳುವುದುಂಟು. ಶಾಲೆಯ ಉಪಾಧ್ಯಾಯನೂ ಬ್ಯಾಂಕಿನ ಗುಮಾಸ್ತನೂ ವಾರವಿಡೀ ಅದರಲ್ಲಿ ಕಚೇರಿಗೆ ಹೋಗಿ, ಭಾನುವಾರ ಅದನ್ನೇ ಪಂದ್ಯಕ್ಕೆ ಓಡಿಸಬಹುದಾಯಿತು.

ಇಲ್ಲಿ ಕಥೆಯನ್ನು ತುಸು ನಿಲ್ಲಿಸಿ ನಮ್ಮ ನೆರೆಯ ಕೊಯಮತ್ತೂರಿನ ಮಾತನ್ನು ಹೇಳಬೇಕು. ಪಾಲಕ್ಕಾಡಿನ ಕಣಿವೆ ದಾಟಿದರೆ ಸಿಗುವ ಆ ಊರಿನಲ್ಲಿ ಎಸ್. ಕರಿವರ್ಧನ್ ಎಂಬ ಸಾಹಸಿಯು ಮಾರುತಿ 800ರ ಎಂಜಿನ್ನನ್ನು ಹಿಂದಿಟ್ಟು ಒಬ್ಬರೇ ಕೂರುವ ಓಟದ ಗಾಡಿಗಳನ್ನು ಕಟ್ಟಿ, ದುಬಾರಿಯಾಗಿದ್ದ ಪಂದ್ಯವನ್ನು ತರುಣರ ಕೈಗೆ ಎಟುಕುವಂತೆ ಮಾಡಿದನು. 1995ರಲ್ಲಿ ಅವನು ಅಕಾಲ ಮರಣಕ್ಕೆ ಈಡಾದ ಮೇಲೆ ಅವನ ಹೆಸರಿನಲ್ಲಿ ಎದ್ದ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಭಾರತ್ ಎಂಬ ವಿದ್ಯಾರ್ಥಿಗಳ ಸ್ಪರ್ಧೆ ನಡೆಯುತ್ತ ಬಂದಿದೆ. ಕರ್ನಾಟಕದ ಕಾಲೇಜುಗಳ ತಂಡಗಳೂ ತಾವು ಕಟ್ಟಿದ ಗಾಡಿಗಳನ್ನು ಲಾರಿಯಲ್ಲಿ ಹೇರಿಕೊಂಡು ಬರುತ್ತವೆ. ಅಲ್ಲಿ ಓಡಿಸುವುದಕ್ಕೆ ಮೊದಲು ತೋರಿಸಬೇಕು. ಬೆಸುಗೆ, ಬ್ರೇಕು, ಹಲ್ಲುಗಂಬಿ, ಪ್ರತಿಯೊಂದನ್ನೂ ಪರೀಕ್ಷಕರು ಮುಟ್ಟಿ ನೋಡುತ್ತಾರೆ; ಈ ಕೊಳವೆ ಇಲ್ಲಿಯೇ ಏಕೆ, ಇದಕ್ಕೆ ಖರ್ಚೆಷ್ಟು ಎಂದು ತೀರ್ಪುಗಾರರು ಕೇಳುತ್ತಾರೆ; ಉತ್ತರ ಬಾರದಿದ್ದರೆ ಅಂಕವಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಗಾಡಿಯು ಎಷ್ಟೇ ವೇಗವಾಗಿರಲಿ, ಪಂದ್ಯಕ್ಕೆ ಇಳಿಯುವಂತಿಲ್ಲ. ಈ ಕಟ್ಟುನಿಟ್ಟು ಏಕೆ ಬಂದಿತೆಂಬುದಕ್ಕೆ ಚಾಪ್‌ಮನ್ನನ ಮುಂದಿನ ಚರಿತ್ರೆಯೇ ಒಂದು ಉತ್ತರ.

1960ರಲ್ಲಿ ಎಂಜಿನ್ನನ್ನು ಚಾಲಕನ ಹಿಂದಿಟ್ಟ ಲೋಟಸ್ 18 ಬಂದಿತು; ಸ್ಟರ್ಲಿಂಗ್ ಮಾಸ್ ಅದರಲ್ಲಿ ಮೊನಾಕೊ ಪಂದ್ಯವನ್ನು ಗೆದ್ದನು. ಅದೇ ವರ್ಷ ಬೆಲ್ಜಿಯಮಿನ ಸ್ಪಾದಲ್ಲಿ ಅದೇ ಬಗೆಯ ಗಾಡಿಯ ಚಕ್ರ ಕಳಚಿ ಮಾಸನ ಕಾಲುಗಳು ಮುರಿದುವು. ಮತ್ತೊಂದು ಲೋಟಸ್ಸಿನ ಸ್ಟಿಯರಿಂಗ್ ದಂಡ ಮುರಿದು ಮೈಕ್ ಟೇಲರ್ ಎಂಬವನು ತೀವ್ರವಾಗಿ ಗಾಯಗೊಂಡನು. ಅವನು ದಾವೆ ಹೂಡಿ ಪರಿಹಾರ ಪಡೆದನು. ಲೋಟಸ್ ವೇಗವುಳ್ಳದ್ದು, ಆದರೆ ಒಡೆಯುವಂಥದು ಎಂಬ ಅಪಕೀರ್ತಿ ಆಗಲೇ ಹಬ್ಬಿತು. ನಮ್ಮ ಅಭಿಪ್ರಾಯದಲ್ಲಿ ಅದು ಪೂರ್ತಿ ಅನ್ಯಾಯದ ಮಾತಲ್ಲ. ಅಷ್ಟಕ್ಕಷ್ಟೇ ಲೋಹವನ್ನು ಇಡುವ ವಿದ್ಯೆಯಲ್ಲಿ ಲೆಕ್ಕ ತುಸು ತಪ್ಪಿದರೂ ದಂಡ ತೆರುವವನು ಲೆಕ್ಕ ಹಾಕಿದವನಲ್ಲ, ಗಾಡಿಯೊಳಗೆ ಕುಳಿತವನು.

ಗೆಲುವುಗಳೂ ಒಂದರ ಮೇಲೊಂದು ಬಂದುವು. 1962ರಲ್ಲಿ ಬಂದ ಲೋಟಸ್ 25 ಗಾಡಿಯಲ್ಲಿ ಕೊಳವೆಯ ಪಂಜರವನ್ನೂ ತೊರೆದು, ವಿಮಾನದ ಒಡಲಿನಂತೆ ಅಲ್ಯುಮಿನಿಯಮ್ ತಗಡಿನ ಚಿಪ್ಪನ್ನೇ ಅಸ್ಥಿಯನ್ನಾಗಿ ಮಾಡಿದನು. ಅದರೊಳಗೆ ಮಲಗಿದಂತೆ ಒರಗಿ ಓಡಿಸಿದವನು ಜಿಮ್ ಕ್ಲಾರ್ಕ್, ಸ್ಕಾಟ್ಲೆಂಡಿನ ರೈತ, ಕುರಿಗಳನ್ನು ಸಾಕುವ ಮನೆತನದವನು. ಮಿತಭಾಷಿ. ಇಬ್ಬರಿಗೂ ಸೋದರರಂತೆ ಹೊಂದಿಕೆಯಾಯಿತು. 1963ರ 10 ಪಂದ್ಯಗಳಲ್ಲಿ 7ನ್ನು ಕ್ಲಾರ್ಕ್ ಗೆದ್ದನು. 1965ರಲ್ಲಿ ವಿಶ್ವವಿಜಯದೊಡನೆ ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯವೂ ಅವನದಾಯಿತು. ಗಾಡಿ ಗೆರೆಯನ್ನು ದಾಟಿದೊಡನೆ ಚಾಪ್‌ಮನ್ ದಾರಿಗೆ ನೆಗೆದು ತನ್ನ ಕರಿಯ ಟೊಪ್ಪಿಗೆಯನ್ನು ಆಕಾಶಕ್ಕೆ ಎಸೆಯುವುದು ವಾಡಿಕೆಯಾಯಿತು. 1966ರಲ್ಲಿ ಕಾರ್ಖಾನೆಯು ನಾರ್ಫಕ್ ಪ್ರಾಂತದ ಹೆಥೆಲ್ ಎಂಬ ಹಳೆಯ ಬಾಂಬರ್ ವಿಮಾನ ನಿಲ್ದಾಣಕ್ಕೆ ಹೋಯಿತು. 1967ರಲ್ಲಿ ಫೋರ್ಡ್ ಕಂಪೆನಿಯ 1,00,000 ಪೌಂಡುಗಳ ನೆರವಿನಿಂದ ಕಾಸ್‌ವರ್ತಿನವರು ಕಟ್ಟಿದ ಎಂಜಿನ್ನು ಲೋಟಸ್ಸಿನಲ್ಲಿ ಮೊದಲ ಓಟಕ್ಕೇ ಗೆದ್ದಿತು.

1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮಿನಲ್ಲಿ, ಅಷ್ಟೇನೂ ದೊಡ್ಡದಲ್ಲದ ಪಂದ್ಯವೊಂದರಲ್ಲಿ, ಕ್ಲಾರ್ಕನ ಲೋಟಸ್ ದಾರಿಯಿಂದ ಹಾರಿ ಮರಗಳಿಗೆ ಅಪ್ಪಳಿಸಿತು. ಅವನಿಗೆ ವಯಸ್ಸು 32. ಚಾಪ್‌ಮನ್ ಅಲ್ಲಿರಲಿಲ್ಲ. ಆ ಆಘಾತದಿಂದ ಅವನು ಎಂದೂ ಪೂರ್ತಿ ಚೇತರಿಸಿಕೊಳ್ಳಲಿಲ್ಲವೆಂದು ಬಲ್ಲವರು ಹೇಳುತ್ತಾರೆ. ಆದರೂ ಪಂದ್ಯ ಬಿಡಲಿಲ್ಲ. ಆ ವರ್ಷ ಗ್ರಹಾಮ್ ಹಿಲ್ ಲೋಟಸ್ಸಿಗೆ ವಿಶ್ವಪದವಿಯನ್ನು ತಂದನು. 1970ರಲ್ಲಿ ಯೋಕೆನ್ ರಿಂಟ್ ಎಂಬ ಆಸ್ಟ್ರಿಯದ ಚಾಲಕನು ಗೆಲ್ಲುತ್ತ ನಡೆದಿದ್ದನು. ಲೋಟಸ್ ಗಾಡಿಗಳ ಅತಿಸೂಕ್ಷ್ಮತೆಯ ಬಗ್ಗೆ ಅವನು ಮೊದಲೇ ಚಾಪ್‌ಮನ್ನನಿಗೆ ಕಾಗದ ಬರೆದು ಎಚ್ಚರಿಸಿದ್ದನು. ಸೆಪ್ಟೆಂಬರ್ 5ರಂದು ಇಟಲಿಯ ಮೋನ್ಜಾದಲ್ಲಿ ಅಭ್ಯಾಸದ ವೇಳೆ ಬ್ರೇಕಿನ ದಂಡ ಮುರಿದು ಅವನು ಸತ್ತನು. ಅದುವರೆಗೆ ಗಳಿಸಿದ್ದ ಅಂಕಗಳನ್ನು ಯಾರೂ ಮೀರಲಾಗದೆ ಆ ವರ್ಷದ ವಿಶ್ವಪದವಿಯು ಸತ್ತವನಿಗೇ ಸಂದಿತು. ಪಂದ್ಯದ ಚರಿತ್ರೆಯಲ್ಲಿ ಅಂಥ ಪದವಿ ಮತ್ತೊಬ್ಬರಿಗೆ ಬಂದಿಲ್ಲ, ಬರುವುದೂ ಬೇಡ.

1972ರಲ್ಲಿ ಬ್ರೆಜಿಲಿನ ಫಿಟ್ಟಿಪಾಲ್ಡಿ, 1978ರಲ್ಲಿ ಅಮೆರಿಕದ ಮಾರಿಯೊ ಆಂಡ್ರೆಟ್ಟಿ ಲೋಟಸ್ಸಿನಲ್ಲಿ ವಿಜಯಿಗಳಾದರು. ಆಂಡ್ರೆಟ್ಟಿಯ ಗಾಡಿಯ ಅಡಿಭಾಗವನ್ನು ತಲೆಕೆಳಗಾದ ವಿಮಾನದ ರೆಕ್ಕೆಯಂತೆ ಮಾಡಿದ್ದರು. ಓಡಿದಷ್ಟೂ ಗಾಳಿಯೇ ಅದನ್ನು ನೆಲಕ್ಕೆ ಒತ್ತುತ್ತಿತ್ತು. ಆದರೆ ಆ ವರ್ಷವೂ ಮೋನ್ಜಾದಲ್ಲಿಯೇ ಜೊತೆಗಾರ ರೋನಿ ಪೀಟರ್ಸನ್ ಅಪಘಾತಕ್ಕೆ ಸಿಕ್ಕಿ ಮರುದಿನ ತೀರಿಕೊಂಡನು. ಎಲ್ಲ ಸೇರಿ ಚಾಪ್‌ಮನ್ನನ ಕಾಲದಲ್ಲಿ ಲೋಟಸ್ಸಿಗೆ ತಯಾರಕರ ವಿಶ್ವಪದವಿ 7 ಬಾರಿ ದೊರೆಯಿತು.

ಇನ್ನು ಕಹಿಯಾದ ಭಾಗ. ಜಾನ್ ಡಿಲೋರಿಯನ್ ಎಂಬ ಅಮೆರಿಕನ್ನನು ಬ್ರಿಟಿಷ್ ಸರ್ಕಾರದ ಹಣದಿಂದ ಉತ್ತರ ಐರ್ಲೆಂಡಿನಲ್ಲಿ ಕಾರ್ಖಾನೆ ತೆರೆದು, ಗಾಡಿಯನ್ನು ಓಡುವಂತೆ ಮಾಡಿಕೊಡುವ ಕೆಲಸವನ್ನು 1978ರಲ್ಲಿ ಲೋಟಸ್ಸಿಗೆ ಒಪ್ಪಿಸಿದನು. ಅದಕ್ಕೆಂದು ಕೊಟ್ಟ ಹಣದಲ್ಲಿ ಸುಮಾರು 1 ಕೋಟಿ 76 ಲಕ್ಷ ಡಾಲರು ಪರದೇಶದ ಕಂಪೆನಿಯೊಂದರ ಮೂಲಕ ಹಾದು ಮಾಯವಾಯಿತು. 1982ರಲ್ಲಿ ಡಿಲೋರಿಯನ್ನನ ಸಂಸ್ಥೆ ದಿವಾಳಿಯೆದ್ದು ತನಿಖೆ ಮೊದಲಾಯಿತು. ಆ ವರ್ಷದ ಆಗಸ್ಟಿನಲ್ಲಿ ಆಸ್ಟ್ರಿಯದಲ್ಲಿ ಎಲಿಯೊ ಡಿ ಆಂಜೆಲಿಸ್ ಕೂದಲೆಳೆಯ ಅಂತರದಿಂದ ಗೆದ್ದಾಗ ಚಾಪ್‌ಮನ್ನನ ಟೊಪ್ಪಿಗೆಯು ಕೊನೆಯ ಬಾರಿಗೆ ಮೇಲಕ್ಕೆ ಹಾರಿತು. ಡಿಸೆಂಬರ್ 16ರಂದು ನಾರ್ಫಕ್ಕಿನ ಮನೆಯಲ್ಲಿ ಹೃದಯಾಘಾತದಿಂದ ಅವನು ತೀರಿಕೊಂಡನು. ಆಗ 54 ವರ್ಷ. ಕಂಪೆನಿಯ ಲೆಕ್ಕಪತ್ರ ನೋಡುತ್ತಿದ್ದ ಅಧಿಕಾರಿಗೆ 1992ರಲ್ಲಿ ಜೈಲು ಶಿಕ್ಷೆಯಾಯಿತು. ಚಾಪ್‌ಮನ್ ಬದುಕಿದ್ದರೆ ಅವನಿಗೆ ಇನ್ನೂ ದೀರ್ಘವಾದ ಶಿಕ್ಷೆ ಕಾದಿತ್ತೆಂದು ನ್ಯಾಯಾಧೀಶನು ಆ ಸಂದರ್ಭದಲ್ಲಿ ತಿಳಿಸಿದನು. ಭಕ್ತರು ಈ ಅಧ್ಯಾಯವನ್ನು ಬಿಟ್ಟು ಬರೆಯುತ್ತಾರೆ. ಸತ್ತವನು ತನ್ನ ಪಕ್ಷವನ್ನು ಹೇಳಲಾರನೆಂಬುದು ನಿಜ. ಹಣ ಹೋದುದೂ ನಿಜ.

ಸೆವೆನ್ನಿನ ಸಂಗತಿ ಏನಾಯಿತೆಂದರೆ, 1973ರಲ್ಲಿ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಹೋಗಿ ಹೊಸ ಬಗೆಯ ತೆರಿಗೆ ಬಂದುದರಿಂದ ಪೆಟ್ಟಿಗೆಯ ಗಾಡಿಗೆ ಮೊದಲಿನ ಲಾಭ ಉಳಿಯಲಿಲ್ಲ. ದೊಡ್ಡ ಗಾಡಿಗಳತ್ತ ಮನಸ್ಸು ತಿರುಗಿದ್ದ ಚಾಪ್‌ಮನ್ ಅದೇ ವರ್ಷ ಸೆವೆನ್ನಿನ ಹಕ್ಕುಗಳನ್ನು ಕೇಟರ್‌ಹ್ಯಾಮ್ ಎಂಬ ಮಾರಾಟಗಾರರಿಗೆ ಕೊಟ್ಟುಬಿಟ್ಟನು. ಅವರು ಕಟ್ಟುತ್ತಲೇ ಬಂದರು. ಇಂಗ್ಲೆಂಡಿನ ವೆಸ್ಟ್‌ಫೀಲ್ಡ್, ದಕ್ಷಿಣ ಆಫ್ರಿಕದ ಬರ್ಕಿನ್, ಹಾಲೆಂಡಿನ ಡಾಂಕರ್‌ವೂರ್ಟ್ ಮೊದಲಾದವರು ಅದರ ಪ್ರತಿರೂಪಗಳನ್ನು ಕಟ್ಟಿದರು. ಕೆಲವು ಕೋರ್ಟಿನ ಮೆಟ್ಟಿಲನ್ನೂ ಕಂಡುವು. 1996ರಲ್ಲಿ ರಾನ್ ಚಾಂಪಿಯನ್ ಎಂಬ ಇಂಗ್ಲಿಷಿನವನು, ಗುಜರಿಗೆ ಬಿದ್ದ ಹಳೆಯ ಫೋರ್ಡ್ ಎಸ್ಕಾರ್ಟಿನ ಭಾಗಗಳಿಂದಲೂ ಚೌಕ ಕೊಳವೆಗಳಿಂದಲೂ 250 ಪೌಂಡಿನಲ್ಲಿ ಇಂಥದೊಂದನ್ನು ಮನೆಯಲ್ಲಿ ಬೆಸೆದುಕೊಳ್ಳುವ ಬಗೆಯನ್ನು ಪುಸ್ತಕವಾಗಿ ಬರೆದನು. ಅದನ್ನು ಹಿಡಿದು ದೇಶದೇಶಗಳ ಹಿತ್ತಲುಗಳಲ್ಲಿ ಕಿಡಿ ಹಾರಿದುವು. ಹೆಥೆಲಿನ ಲೋಟಸ್ ಕಂಪೆನಿಯು ಚಾಪ್‌ಮನ್ನನ ಬಳಿಕ ಅಮೆರಿಕ, ಮಲೇಶಿಯ, ಚೀನದವರ ಕೈಗಳನ್ನು ಕಂಡಿತು. ಕೇಟರ್‌ಹ್ಯಾಮ್ 2021ರಲ್ಲಿ ಜಪಾನಿನವರ ಪಾಲಾಯಿತು. ಆದರೂ ಬೇಕೆಂದವರಿಗೆ ಆ ಗಾಡಿಯು ಈಗಲೂ ಪೆಟ್ಟಿಗೆಗಳಲ್ಲಿಯೇ ಮನೆಗೆ ಬರುತ್ತದೆ. ಜೋಡಿಸುವ ವಿಧಾನದ ಪುಸ್ತಕವನ್ನು ಮಾತ್ರ ಈಗ ಮೊದಲಿನಿಂದ ಕೊನೆಗೆ ಓದಬಹುದು.